ಹೊಸಿಲಿನ ಹೊರಮೈಯ ಅರಿಶಿನ

ನಮ್ಮ ಮನೆಯ ಹೊಸಿಲು ಎತ್ತರದ್ದು. ಗುಮ್ಮಳಾಪುರದ ಸುತ್ತಿನ ಹಳೆಯ ಮನೆಗಳೆಲ್ಲ ಹೆಚ್ಚು ಕಡಿಮೆ ಹಾಗೆಯೇ. ಮಳೆನೀರು, ಹುಳುಹುಪ್ಪಟೆ ಒಳಗೆ ಬರಬಾರದೆಂದು ನಮ್ಮ ತಾತ ಒಂದು ಮತ್ತಿಮರದ ದಿಮ್ಮಿಯನ್ನೇ ಅಡ್ಡ ಇಡಿಸಿದ್ದನಂತೆ. ಅದನ್ನು ತುಳಿಯುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ದಾಟಿಯೇ ಹೋಗಬೇಕು. ಈ ಮನೆಯಲ್ಲಿ ಬೆಳೆದವರಿಗೆ ಅಲ್ಲಿ ಕಾಲು ತಾನಾಗಿ ಮೇಲೇಳುತ್ತದೆ, ನೋಡಬೇಕಾಗಿಲ್ಲ. ಕತ್ತಲಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು, ಕಂಕುಳಲ್ಲಿ ಮಗು ಇಟ್ಟುಕೊಂಡು ದಾಟಿದವರಿದ್ದಾರೆ. ಎಡವುತ್ತಿದ್ದವರು ಹೊಸಬರು ಮಾತ್ರ. ವೋಟು ಕೇಳಲು ಬಂದವರು, ಬೀಗರ ಕಡೆಯವರು, ಕರೆಂಟಿನವರು. ಅವರು ಹೆಬ್ಬೆರಳು ಹಿಡಿದುಕೊಂಡು ಕುಣಿದಾಗ ನಾವು ಮುಖ ಆ ಕಡೆ ಮಾಡಿಕೊಂಡು ನಗುತ್ತಿದ್ದೆವು.

ಆದ್ದರಿಂದ ನನ್ನ ಮಗಳ ಕಾಲು ಆ ಹೊಸಿಲಿಗೆ ತಗಲಿದ ಸದ್ದು ಕೇಳಿದಾಗ ನಾನು ನಗಲಿಲ್ಲ.

ಸಾಯಂಕಾಲ. ನಾನು ನಡುಮನೆಯಲ್ಲಿ ಕೂತು ಹನಿ ನೀರಾವರಿಯ ಪೈಪಿನ ತೂತುಗಳನ್ನು ಸೂಜಿಯಿಂದ ಬಿಡಿಸುತ್ತಿದ್ದೆ. ಮಗಳು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಕಂಪನಿಯ ಬಸ್ಸು ಅವಳನ್ನು ದಾರಿಗಳು ಸೇರುವ ಊರಿನ ಕೂಟುರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಶೂ ಕಳಚಿ ಬಿಟ್ಟ ಸದ್ದು ಕೇಳಿಸಿತು. ಆಮೇಲೆ ಮರಕ್ಕೆ ಬೆರಳು ಬಡಿದ ಸದ್ದು, ‘ಸ್ಸ್’ ಎಂದು ಉಸಿರೆಳೆದ ಸದ್ದು. ತಲೆಯೆತ್ತಿ ನೋಡಿದೆ. ಬಾಗಿಲುವಾಡ ಹಿಡಿದುಕೊಂಡು ಒಂಟಿಕಾಲಿನಲ್ಲಿ ನಿಂತಿದ್ದಳು.

‘ಏನಾಯ್ತವ್ವ?’

‘ಏನಿಲ್ಲಪ್ಪಾ. ನೋಡ್ಲಿಲ್ಲ.’

ನೋಡಬೇಕಾದದ್ದು ಏನಿದೆ ಅಲ್ಲಿ? ಹಾಗೆಂದು ಕೇಳಲಿಲ್ಲ. ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

ನನ್ನ ಹೆಂಡತಿಯ ಕಾಯಿಲೆ ಶುರುವಾದದ್ದು ಹೀಗೆಯೇ.

ಅವಳು ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಹೊಲದ ಮೂಲೆಯ ಹುಣಸೆಮರದ ಹತ್ತಿರ ಅವಳನ್ನು ಮಣ್ಣು ಮಾಡಿದೆವು. ಕಾಯಿಲೆಗೆ ಒಂದು ಉದ್ದನೆಯ ಹೆಸರಿತ್ತು, ನಾನು ಅದನ್ನು ಬಾಯಿಪಾಠ ಮಾಡಲಿಲ್ಲ. ನರಗಳು ಒಂದೊಂದಾಗಿ ಸೋತುಹೋಗುವ ಕಾಯಿಲೆ, ಅಷ್ಟು ತಿಳಿದರೆ ಸಾಕಾಗಿತ್ತು. ಮೊದಲು ಸೋತದ್ದು ಬಲಗಾಲಿನ ಪಾದ. ಚಪ್ಪಲಿ ಅವಳಿಗೆ ತಿಳಿಯದ ಹಾಗೆ ಕಾಲಿನಿಂದ ಜಾರಿ ಹಿಂದೆ ಉಳಿದುಬಿಡುತ್ತಿತ್ತು. ಹೊಸಿಲಿಗೆ ಬೆರಳು ಬಡಿಯುತ್ತಿತ್ತು. ಅವಳೇ ನಗುತ್ತಿದ್ದಳು. ‘ಈ ಮನೆಗೆ ಬಂದು ಇಷ್ಟು ವರ್ಸ ಆದ್ಮೇಲೆ ಈವಾಗ ಹೊಸ ಸೊಸೆ ಆದೆ ನೋಡು’ ಎನ್ನುತ್ತಿದ್ದಳು. ಹತ್ತಿರದ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ಕು ಬರೆದುಕೊಟ್ಟರು. ಟಾನಿಕ್ಕು ಮುಗಿಯಿತು, ಕಾಲು ಏಳಲಿಲ್ಲ. ಆಮೇಲೆ ಹೊಸಿಲಿನ ಎರಡು ಕಡೆಗೂ ಇಳಿಜಾರಾಗಿ ಹಲಗೆ ಹಾಕಿಸಿದೆ. ಕೊನೆಕೊನೆಗೆ ಹಲಗೆಯಿಂದಲೂ ಉಪಯೋಗವಾಗಲಿಲ್ಲ. ನಾನೇ ಎತ್ತಿಕೊಂಡು ದಾಟಿಸುತ್ತಿದ್ದೆ. ತಿಥಿಯ ದಿನ ಹಲಗೆಗಳನ್ನು ತೆಗೆದು, ಅವಳ ಚಾಪೆ, ದಿಂಬುಗಳ ಜೊತೆ ಊರಾಚೆ ಹಾಕಿ ಬಂದರು. ಹೊಸಿಲು ಮತ್ತೆ ಮೊದಲಿನಂತೆ ಎತ್ತರವಾಯಿತು.

ಆ ಕಾಯಿಲೆ ಮಕ್ಕಳಿಗೆ ಬರುತ್ತದೆಯೇ ಎಂದು ಹೊಸೂರಿನ ನರಗಳ ಡಾಕ್ಟರನ್ನು ಆಗಲೇ ಕೇಳಿದ್ದೆ. ‘ಸಾಮಾನ್ಯವಾಗಿ ಬರಲ್ಲ, ಎಲ್ಲೋ ಅಪರೂಪಕ್ಕೆ’ ಎಂದಿದ್ದರು. ಬರುವುದಿಲ್ಲ ಎಂಬ ಮಾತು ಅಲ್ಲೇ ಆಸ್ಪತ್ರೆಯಲ್ಲಿ ಉಳಿಯಿತು. ಅಪರೂಪಕ್ಕೆ ಎಂಬ ಮಾತು ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬಂತು.

ಮಗಳು ಎಡವಿದ ಆ ಸಂಜೆಯಿಂದ ನಾನು ಅವಳ ಮುಖ ನೋಡುವುದನ್ನು ಬಿಟ್ಟು ಕಾಲು ನೋಡತೊಡಗಿದೆ. ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ, ಕೊಟ್ಟಿಗೆಯಿಂದ ಹಾಲಿನ ಕ್ಯಾನು ತರುವಾಗ. ಕೊಟ್ಟಿಗೆಯ ಮುಂದೆ ನೀರಿನ ದೊಡ್ಡ ಪೈಪು ಹಾದುಹೋಗುತ್ತದೆ. ಅವಳು ಅದನ್ನು ದಾಟುವಾಗ ನನ್ನ ಕಾಲೇ ನೆಲ ಬಿಟ್ಟು ಏಳುತ್ತಿತ್ತು. ಒಂದು ದಿನ ಸಾಯಂಕಾಲ ಅವಳ ಬೆರಳು ಆ ಪೈಪಿಗೂ ಬಡಿಯಿತು. ಹಾಲು ಸ್ವಲ್ಪ ತುಳುಕಿತು. ಅವಳು ನನ್ನ ಕಡೆ ನೋಡಿದಳು, ನಾನು ಹಸುವಿನ ಕಡೆ ನೋಡಿದೆ.

ಬೆಳಗ್ಗೆ ಅವಳು ಹೇಗೆ ಮನೆಯಿಂದ ಹೊರಡುತ್ತಾಳೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅವಳು ಹೊರಡುವ ಹೊತ್ತಿಗೆ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತೇನೆ. ‘ಬತ್ತೀನಪ್ಪಾ’ ಎಂಬ ಕೂಗು ಕೇಳಿಸುತ್ತದೆ, ಅಷ್ಟೆ.

ಪಕ್ಕದ ಮನೆಯಲ್ಲಿರುವವಳು ನನ್ನ ಅಕ್ಕ. ಇದೇ ಊರಿಗೆ ಕೊಟ್ಟದ್ದು, ಭಾವ ತೀರಿಹೋಗಿ ಬಹಳ ಕಾಲವಾಯಿತು. ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಅವಳಿಗೆ ಗೊತ್ತಾಗುತ್ತದೆ. ಇದು ಗೊತ್ತಾಗದೆ ಇರುತ್ತದೆಯೇ? ಒಂದು ಸಂಜೆ ಮಗಳು ಎಡವುವುದನ್ನು ಕಣ್ಣಾರೆ ನೋಡಿ, ಅವಳು ಒಳಗೆ ಹೋಗುವವರೆಗೆ ಕಾದು, ನನ್ನ ಹತ್ತಿರ ಬಂದಳು.

‘ನೋಡಿದೇನ್ಲಾ?’

‘ಏನ?’

‘ಏನ ಅಂತೀಯಲ್ಲ, ಕಣ್ಣು ಹೊಲ್ದಾಗೆ ಬಿಟ್ ಬಂದಿದ್ದೀಯಾ? ಅವ್ಳವ್ವ ಕಣ್ಲಾ ಅದು. ಕಾಲು ಹಿಡ್ಕಂಡವ್ಳೆ. ಮಗ್ಳ ಮ್ಯಾಲೆ ಆಸೆ ಇಟ್ಕಂಡೇ ಹೋಗ್ಬುಟ್ಳು, ಬಿಡಾಕೆ ಮನ್ಸಿಲ್ಲ.’

‘ಸುಮ್ನಿರಕ್ಕಾ.’

‘ನಾನು ಸುಮ್ನಿರ್ತೀನಿ. ಅವ್ಳು ಸುಮ್ನಿರ್ತಾಳಾ?’

ಮಾರನೆಯ ದಿನ ಅಕ್ಕ ತಾನೇ ಅನ್ನ, ಹುರುಳಿ ಬಸ್ಸಾರು, ಒಂದು ಮೊಟ್ಟೆ ಮಾಡಿ, ಬಾಳೆ ಎಲೆಯಲ್ಲಿ ಹಾಕಿಕೊಂಡು ಹುಣಸೆಮರದ ಹತ್ತಿರ ಇಟ್ಟು ಬಂದಳು. ಹಿಡಿಯುವುದನ್ನು ಬಿಡು ತಾಯಿ ಎಂದು ಬೇಡಿಕೊಂಡಳಂತೆ. ಕಾಗೆ ಬಂದು ಮೊಟ್ಟೆ ಮೊದಲು ತಿಂದಿತು, ಒಪ್ಪಿಕೊಂಡಳು ಎಂದು ಖುಷಿಯಿಂದ ಹೇಳಿದಳು. ಅವತ್ತು ಸಾಯಂಕಾಲ ಮಗಳು ಮತ್ತೆ ಎಡವಿದಳು. ‘ಅನ್ನ ಸ್ವಲ್ಪ ಮೆತ್ತಗಾಗ್ಬುಟ್ಟಿತ್ತು, ಅದ್ಕೇ ಇರ್ಬೇಕು’ ಎಂದಳು ಅಕ್ಕ.

ನಿಜ ಹೇಳುತ್ತೇನೆ, ಅಕ್ಕ ಹೇಳಿದ್ದೇ ಸರಿಯಾಗಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತ್ತು. ಹೆಂಡತಿಯೇ ಹಿಡಿದುಕೊಂಡಿದ್ದರೆ ಬಿಡು ಎಂದು ಕೇಳಬಹುದು. ಅವಳು ನನ್ನ ಮಾತು ಯಾವತ್ತೂ ತೆಗೆದುಹಾಕಿದವಳಲ್ಲ. ಕಾಯಿಲೆಯನ್ನು ಬೇಡಿಕೊಳ್ಳುವುದು ಹೇಗೆ?

ಮಗಳಿಗೆ ಮಾತ್ರ ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೇ ಇದ್ದುಕೊಂಡು, ಮುದ್ದೆ ಮುರಿಯುವಾಗ ಟೊಮೊಟೊ ರೇಟಿನ ಬಗ್ಗೆಯೂ, ಕಂಪನಿ ಕ್ಯಾಂಟೀನಿನ ಸಾಂಬಾರಿನ ಬಗ್ಗೆಯೂ ಮಾತಾಡುತ್ತಿದ್ದೆವು.

ಒಂದು ಭಾನುವಾರ ಮಧ್ಯಾಹ್ನ, ನಾನು ಹೊಲಕ್ಕೆ ಹೋದವನು ಕುಡುಗೋಲು ಮರೆತು ಹಿತ್ತಲ ಕಡೆಯಿಂದ ವಾಪಸು ಬಂದೆ. ಮಗಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದಳು. ಒಗೆಯುತ್ತಿರಲಿಲ್ಲ. ಲಂಗವನ್ನು ಸ್ವಲ್ಪ ಎತ್ತಿ ಹಿಡಿದುಕೊಂಡು, ಎರಡು ಕಾಲಿನ ಬೆರಳುಗಳನ್ನೂ ಮೇಲಕ್ಕೆತ್ತಿ, ಹಿಮ್ಮಡಿಯ ಮೇಲೆ ನಡೆಯುತ್ತಿದ್ದಳು. ಕಲ್ಲಿನಿಂದ ಸೀಬೆಗಿಡದವರೆಗೆ, ಸೀಬೆಗಿಡದಿಂದ ಕಲ್ಲಿನವರೆಗೆ. ಮಕ್ಕಳ ಆಟದ ಹಾಗೆ ಕಾಣುತ್ತಿತ್ತು. ಆಟವಲ್ಲ ಎಂದು ನನಗೆ ಗೊತ್ತಿತ್ತು. ಹೊಸೂರಿನ ಡಾಕ್ಟರು ಅವಳ ಅಮ್ಮನನ್ನು ಹಾಗೆಯೇ ನಡೆಸಿ ನೋಡಿದ್ದರು. ಅಮ್ಮನ ಬಲಗಾಲಿನ ಬೆರಳು ಏಳದೆ ನೆಲಕ್ಕೆ ಒರಗಿದಾಗ ಈ ಮಗಳೇ ಕೈ ಹಿಡಿದುಕೊಂಡಿದ್ದಳು.

ಅಂದರೆ ನನಗಿದ್ದ ಭಯವೇ ಅವಳಿಗೂ ಇತ್ತು. ಎಷ್ಟು ದಿನದಿಂದ ಹೀಗೆ ನಡೆದು ನೋಡುತ್ತಿದ್ದಳೋ.

ನನ್ನನ್ನು ನೋಡಿ ಬೆರಳು ಕೆಳಗೆ ಬಿಟ್ಟಳು. ಲಂಗ ಸರಿಮಾಡಿಕೊಂಡಳು.

‘ಸಲೀಸಾಗಿ ಬತ್ತೈತಪ್ಪಾ ನಡೆಯಾಕೆ’ ಎಂದಳು. ‘ಆದ್ರೂ...’

‘ಆಸ್ಪತ್ರೆಗೆ ಹೋಗಾಣ.’

‘ಅದೇ ಡಾಕ್ಟ್ರ ಹತ್ರಾನಾ?’

‘ಅವ್ರ ಹತ್ರಾನೇ.’

‘ಅಲ್ಲಿಗೆ ಹೋಗಾಕೆ ನಂಗೆ ಭಯ ಆಯ್ತದೆ.’

‘ನಂಗೂ ಆಯ್ತದೆ. ಇಬ್ರೂ ಹೋದ್ರೆ ಆಯ್ತು.’

ಗುರುವಾರ ಅವಳು ರಜೆ ಹಾಕಿದಳು. ಅದೇ ಕಾರಿಡಾರು, ಅದೇ ಗೋಡೆಗೆ ಒರಗಿಸಿದ ಗಾಲಿಕುರ್ಚಿಗಳು. ಡಾಕ್ಟರು ಧರ್ಮಪುರಿ ಕಡೆಯವರು, ತಮಿಳಿನಲ್ಲಿ ಶುರುಮಾಡಿ ನಮ್ಮ ಮುಖ ನೋಡಿ ಕನ್ನಡಕ್ಕೆ ಬರುತ್ತಾರೆ, ಮತ್ತೆ ಮರೆತು ತಮಿಳಿಗೆ ಹೋಗುತ್ತಾರೆ. ಮಗಳನ್ನು ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಿನ ಮೇಲೆ ನಡೆಸಿದರು. ಪಾದವನ್ನು ಕೈಯಿಂದ ಒತ್ತಿ ‘ತಳ್ಳಮ್ಮ, ನನ್ನನ್ನು ತಳ್ಳು’ ಎಂದರು. ಮಂಡಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಅವಳ ದಿನ ಹೇಗೆ ಹೋಗುತ್ತದೆ ಎಂದು ಕೇಳಿದರು.

ಅವಳು ಹೇಳುತ್ತಾ ಹೋದಳು. ಕೋಳಿ ಕೂಗುವ ಮೊದಲು ಏಳುವುದು, ಅಡಿಗೆ ಮಾಡಿ ಡಬ್ಬಿ ಕಟ್ಟುವುದು, ಬಸ್ಸಿಗೆ ಓಡುವುದು. ಲೈನಿನಲ್ಲಿ ಶಿಫ್ಟು ಮುಗಿಯುವವರೆಗೆ ನಿಂತೇ ಕೆಲಸ. ಕುರ್ಚಿ ಇಲ್ಲ. ವಾಪಸು ಬಂದು ಒಲೆ ಹಚ್ಚುವುದು, ಬಟ್ಟೆ, ಪಾತ್ರೆ, ಹಾಲು ಡೈರಿಗೆ ಹಾಕಿ ಬರುವುದು. ವಾರದಲ್ಲಿ ಎರಡು ದಿನ ಟೊಮೊಟೊ ಆರಿಸಿ ಕ್ರೇಟಿಗೆ ತುಂಬುವುದು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನಗೆ, ಇದೇನು ಒಬ್ಬಳ ದಿನವೋ ಇಬ್ಬರದೋ ಅನ್ನಿಸಿತು. ಇಬ್ಬರದೇ. ಅಮ್ಮನ ದಿನವನ್ನು ಅವಳು ತನ್ನ ದಿನದ ಮೇಲೆ ಹೇರಿಕೊಂಡಿದ್ದಳು. ನಾನೂ ಹೊಲದಲ್ಲಿ ಹಾಗೆಯೇ ಮಾಡುತ್ತಿದ್ದೆ, ಆದ್ದರಿಂದ ನನಗೆ ಅದು ಕಂಡಿರಲಿಲ್ಲ.

‘ಇದು ಅಸದಿ’ ಎಂದರು ಡಾಕ್ಟರು. ಅಸದಿ ಎಂದರೆ ತಮಿಳಿನಲ್ಲಿ ದಣಿವು, ಮೈಯೆಲ್ಲ ಇಳಿಬಿದ್ದಂಥ ದಣಿವು. ‘ವೇರೆ ಒಣ್ಣುಮ್ ಇಲ್ಲ. ಬೇರೆ ಏನೂ ಇಲ್ಲಮ್ಮ. ನರ ಚೆನ್ನಾಗಿದೆ, ಶಕ್ತಿ ಚೆನ್ನಾಗಿದೆ. ದಣಿದಾಗ ಕಾಲು ಏಳಬೇಕಾದಷ್ಟು ಏಳಲ್ಲ. ಒಂದು ಬೆರಳು ಕಡಿಮೆ ಏಳುತ್ತೆ, ಅಷ್ಟೆ. ಆದರೆ ತಲೆ ಅಂದುಕೊಳ್ಳುತ್ತೆ, ನಾನು ಎತ್ತಿದೆ ಅಂತ. ಸಮನೆಲದಲ್ಲಿ ಗೊತ್ತಾಗಲ್ಲ. ಮೆಟ್ಟಿಲು, ಹೊಸಿಲು ಬಂದಾಗ ಗೊತ್ತಾಗುತ್ತೆ.’

ಮಗಳು ಉಸಿರು ಬಿಟ್ಟಳು. ನನಗೆ ಬಿಡಲಾಗಲಿಲ್ಲ.

‘ಸಾರ್, ಅವ್ರಮ್ಮಂಗೂ ಮೊದ್ಲು ನಿಶ್ಶಕ್ತಿ ಅಂತ್ಲೇ ಅಂದ್ರು’ ಎಂದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಪೆನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆ ತಿರುಗಿ ಕೂತರು. ‘ಗೊತ್ತು. ಅದಕ್ಕೇ ನಾನು ಇಷ್ಟು ಹೊತ್ತು ನೋಡಿದೆ. ಆ ಕಾಯಿಲೆ ಬಂದ ಕಾಲು ನಿದ್ದೆ ಮಾಡಿ ಎದ್ದ ಮೇಲೂ ಸರಿಹೋಗಲ್ಲ. ದಣಿದ ಕಾಲು ಸರಿಹೋಗುತ್ತೆ. ಬೆಳಗ್ಗೆ ಎಡವ್ತೀಯಾಮ್ಮ?’

ಮಗಳು ಯೋಚಿಸಿದಳು. ‘ಗ್ಯಾಪ್ಕ ಇಲ್ಲ ಸಾರ್. ಬಸ್ಸು ಹೋಗ್ಬುಡ್ತದೆ ಅಂತ ಓಡ್ತಿರ್ತೀನಿ.’

‘ಗಮನಿಸಿ’ ಎಂದರು ನನಗೆ. ‘ನೀವೇ ಮನೆಯಲ್ಲಿ ನೋಡಿ. ನಿಮಗೇ ಗೊತ್ತಾಗುತ್ತೆ. ಅನುಮಾನ ಹೋಗದಿದ್ದರೆ ಮತ್ತೆ ಬನ್ನಿ, ಮತ್ತೆ ನೋಡ್ತೀನಿ.’

ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆ ಒರಗಿಸಿದವಳು ಊರು ಬರುವವರೆಗೆ ನಿದ್ದೆ ಮಾಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ರಸ್ತೆಯ ಉಬ್ಬುಗಳಿಗೆ ತಲೆ ಗಾಜಿಗೆ ಬಡಿಯುತ್ತಿದ್ದರೂ ಎಚ್ಚರವಾಗಲಿಲ್ಲ. ತಲೆಗೂ ಗಾಜಿಗೂ ನಡುವೆ ಕೈ ಇಟ್ಟೆ. ಡಾಕ್ಟರ ಮಾತನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತಿದ್ದೆ. ನಂಬಬೇಕೆಂದು ಆಸೆ. ಹಿಂದೆ ಒಮ್ಮೆ ನಂಬಿದ್ದೆನಲ್ಲ, ಟಾನಿಕ್ಕನ್ನು.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅವಳು ಶೂ ಬಿಟ್ಟು, ನಿದ್ದೆಗಣ್ಣಿನಲ್ಲೇ ಹೊಸಿಲು ದಾಟಿದಳು. ತಗಲಲಿಲ್ಲ. ನಾನು ಅವಳ ಹಿಂದೆ ಹೋಗಲಿಲ್ಲ. ಹೊಸಿಲಿನ ಮುಂದೆ ನಿಂತೆ. ಬಿಸಿಲು ಓರೆಯಾಗಿ ಅದರ ಹೊರಮೈಗೆ ಬೀಳುತ್ತಿತ್ತು. ಆಗ ಅರಿಶಿನ ಕಣ್ಣಿಗೆ ಬಿತ್ತು.

ನಮ್ಮಲ್ಲಿ ಮಂಗಳವಾರ, ಶುಕ್ರವಾರ ಹೊಸಿಲು ತೊಳೆದು ಅರಿಶಿನ ಬಳಿಯುತ್ತಾರೆ. ಮೇಲ್ಮೈಗೆ ಮಾತ್ರವಲ್ಲ, ಹೊರಮೈಗೆ, ಒಳಮೈಗೆ, ಮೂರೂ ಕಡೆ. ಅರಿಶಿನ ಒಣಗಿದ ಮೇಲೆ ಕುಂಕುಮದ ಬೊಟ್ಟು. ಹೆಂಡತಿ ಹೋದ ಮೇಲೆ ಮಗಳು ಆ ಕೆಲಸವನ್ನೂ ಬಿಟ್ಟಿರಲಿಲ್ಲ, ಬಸ್ಸಿಗೆ ಹೋಗುವ ಮೊದಲು ಬಳಿದೇ ಹೋಗುತ್ತಿದ್ದಳು. ಮಂಗಳವಾರ ಬಳಿದ ಅರಿಶಿನ ಇದು. ಹೊರಮೈಯಲ್ಲಿ, ಬಲಗಡೆಗೆ, ಒಂದು ಕಡೆ ಕಿತ್ತುಹೋಗಿ ಮರದ ಕಪ್ಪು ಕಾಣುತ್ತಿತ್ತು. ಬೆರಳು ಬಡಿದ ಜಾಗ. ಅದರ ಪಕ್ಕದಲ್ಲೇ ಇನ್ನೊಂದು, ಉಜ್ಜಿದ ಹಾಗೆ.

ನನಗೆ ಥಟ್ಟನೆ ನೆನಪಾಯಿತು. ಹೆಂಡತಿಯ ಕಾಲು ಸೋಲತೊಡಗಿದಾಗ, ಅರಿಶಿನ ಕೀಳುತ್ತಿರುವುದು ಅವಳ ಕಾಲೇ ಎಂದು ನಮಗೆ ಇನ್ನೂ ಗೊತ್ತಿಲ್ಲದ ದಿನಗಳಲ್ಲಿ, ಅವಳು ಹೊಸಿಲಿನ ಮುಂದೆ ಕೂತು ಬೈಯುತ್ತಿದ್ದಳು. ‘ಬೆಳಗ್ಗೆ ಬಳಿದ್ರೆ ಮಧ್ಯಾಹ್ನಕ್ಕೆ ಇಲ್ಲ. ಒಳಗ್ಲುದೂ ಇಲ್ಲ, ಹೊರಗ್ಲುದೂ ಇಲ್ಲ. ಯಾವ ಬೆಕ್ಕು ಕೆರೀತದೋ ನನ್ ಅರಿಶಿನಾನ!’ ಒಳಗಿನದೂ, ಹೊರಗಿನದೂ. ಹೋಗುವಾಗಲೂ ಬಡಿಯುತ್ತಿತ್ತು, ಬರುವಾಗಲೂ ಬಡಿಯುತ್ತಿತ್ತು. ಬೆಳಗ್ಗೆ ಮೈ ಹಗುರವಾಗಿ ಎದ್ದು ಹೊರಗೆ ಕಸ ಗುಡಿಸಲು ಹೊರಟಾಗಲೂ ಬಡಿಯುತ್ತಿತ್ತು.

ಒಳಮೈ ನೋಡಬೇಕು. ಈ ಕಡೆಯಿಂದ ಕಾಣುವುದಿಲ್ಲ. ದಾಟಿ ಒಳಗೆ ಹೋಗಿ ಬಗ್ಗಿದೆ. ನಡುಮನೆಯಲ್ಲಿ ಕತ್ತಲೆ. ಕೊನೆಗೆ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ, ಮೊಬೈಲಿನ ಟಾರ್ಚು ಹಚ್ಚಿ, ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಅರಿಶಿನ ಬಳಿದದ್ದು ಬಳಿದ ಹಾಗೆಯೇ ಇತ್ತು. ಮಗಳ ಕೈಬೆರಳಿನ ಗೆರೆಗಳು ಕೂಡ ಅಳಿಸಿರಲಿಲ್ಲ.

ಮತ್ತೊಮ್ಮೆ ನೋಡಿದೆ. ಕೈಯಿಂದ ಮುಟ್ಟಿ ನೋಡಿದೆ.

‘ಏನ್ಲಾ ಇದು, ಹೊಸ್ಲಿಗೆ ಅಡ್ಡಬಿದ್ದೀಯಾ?’ ಅಕ್ಕ ಬಾಗಿಲಿನಲ್ಲಿ ನಿಂತಿದ್ದಳು. ‘ಡಾಕ್ಟ್ರು ನಿನ್ಗೂ ಏನಾರ ಸೂಜಿ ಚುಚ್ಚಿ ಕಳ್ಸಿದ್ರಾ?’

ಎದ್ದು ಕೂತೆ. ಅಂಗಿಯ ಮುಂದೆಲ್ಲ ಧೂಳು. ಅದನ್ನು ಕೊಡವುತ್ತಲೇ ಹೇಳಿದೆ. ಹೊರಗಡೆ ಉಜ್ಜಿದೆ, ಒಳಗಡೆ ಉಜ್ಜಿಲ್ಲ. ದುಡಿದು ಬರುವಾಗ ಮಾತ್ರ ಎಡವುತ್ತಾಳೆ, ಮಲಗೆದ್ದು ಹೋಗುವಾಗ ಎಡವುವುದಿಲ್ಲ. ಅವಳಮ್ಮನಿಗೆ ಎರಡು ಕಡೆಯೂ ಆಗುತ್ತಿತ್ತು. ಇವಳಿಗೆ ದಣಿವು, ಅಷ್ಟೆ. ಬರೀ ದಣಿವು.

ಅಕ್ಕ ಬಗ್ಗಿ ಹೊರಗೆ ನೋಡಿದಳು, ಸೆರಗು ಹಿಡಿದುಕೊಂಡು ಒಳಗೆ ನೋಡಿದಳು.

‘ಹಂಗಾರೆ ಅವ್ಳು ಹಿಡ್ಕಂಡಿಲ್ಲ’ ಎಂದಳು ಕೊನೆಗೆ. ‘ನಂಗೂ ಅನ್ನಿಸ್ತಿತ್ತು ಕಣ್ಲಾ. ತಾಯಿ ಆದೋಳು ಹಿಡಿಯೋದಾದ್ರೆ ಹೋಗೋವಾಗ ಹಿಡೀತಾಳೆ, ಹೋಗ್ಬ್ಯಾಡ ಕಣವ್ವ ಅಂತ. ಮನೆಗೆ ಬರೋ ಮಗ್ಳ ಕಾಲು ಯಾಕೆ ಹಿಡೀತಾಳೆ?’

‘ಮತ್ತೆ ಅವತ್ತು ಮೊಟ್ಟೆ ಇಟ್ಟೆಯಲ್ಲ?’

‘ಇಟ್ಟೆ. ಪಾಪ, ಅವ್ಳಿಗೆ ಮೊಟ್ಟೆ ಅಂದ್ರೆ ಆಸೆ. ತಿನ್ಲಿ ಬಿಡು.’

ನಾನು ನಕ್ಕೆ. ನಗುತ್ತಿದ್ದವನಿಗೆ ಕಣ್ಣಲ್ಲಿ ನೀರು ಬಂದು ನಿಲ್ಲಲೇ ಇಲ್ಲ. ಹೆಂಡತಿ ಹೋದ ದಿನ ಜನರ ಮಧ್ಯೆ ಅಳಲಾಗದೆ ಉಳಿದದ್ದೆಲ್ಲ ಆ ಹೊಸಿಲಿನ ಹತ್ತಿರ ಕೂತು ಹರಿಯಿತು. ಅಕ್ಕ ಬೈಯಲಿಲ್ಲ. ಸದ್ದು ಕೇಳಿ ಮಗಳು ಕೋಣೆಯಿಂದ ಎದ್ದು ಬಂದಳು. ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

‘ಏನಪ್ಪಾ? ಡಾಕ್ಟ್ರು ಫೋನ್ ಮಾಡಿದ್ರಾ?’

‘ಇಲ್ಲ ಕಣವ್ವ. ಬಾ ಇಲ್ಲಿ. ನೀನೇ ನೋಡು.’

ಅವಳಿಗೂ ಟಾರ್ಚು ಹಿಡಿದು ತೋರಿಸಿದೆ. ಅವಳು ಮಂಡಿಯೂರಿ ಕೂತು ಬಹಳ ಹೊತ್ತು ಒಳಮೈಯನ್ನೇ ನೋಡಿದಳು. ಅಮ್ಮ ಬೆಕ್ಕನ್ನು ಬೈಯುತ್ತಿದ್ದದ್ದು ಅವಳಿಗೂ ನೆನಪಿತ್ತು. ಆಮೇಲೆ ತನ್ನ ಬಲಗಾಲನ್ನು ಮುಂದೆ ಚಾಚಿದಳು. ಹೆಬ್ಬೆರಳಿನ ತುದಿಯಲ್ಲಿ, ಉಗುರಿನ ಸಂದಿಯಲ್ಲಿ ತೆಳ್ಳಗೆ ಅರಿಶಿನ ಅಂಟಿತ್ತು. ಅದನ್ನು ಕೈಯ ಉಗುರಿನಿಂದ ಕೆರೆಯುತ್ತಾ ಕೂತಳು.

‘ಬೆಕ್ಕು ನಾನೇ ಹಂಗಾರೆ’ ಎಂದಳು.

ಆ ಸಾಯಂಕಾಲ ಮನೆಯಲ್ಲಿ ಒಲೆ ಹಚ್ಚಿದವನು ನಾನು. ಸಾರು ನೀರಾಗಿತ್ತು. ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು.

ಇನ್ನೊಂದು ಸಂಗತಿ ಮಾರನೆಯ ದಿನ ಹೊಳೆಯಿತು. ಟೊಮೊಟೊ ಕ್ರೇಟು ಹೊತ್ತು ನಾನೇ ಜಗಲಿಯ ಹತ್ತಿರ ಎಡವಿದಾಗ. ಬೆಳಗಿನಿಂದ ಹೊತ್ತಿದ್ದೆ, ಕಾಲು ಎತ್ತಿದೆ ಎಂದುಕೊಂಡಿದ್ದೆ, ಎತ್ತಿರಲಿಲ್ಲ. ಡಾಕ್ಟರು ಹೇಳಿದ ಆ ಒಂದು ಬೆರಳು. ಕ್ರೇಟು ಕೆಳಗಿಟ್ಟು ಜಗಲಿ ನೋಡಿದೆ. ಅಲ್ಲಿ ಕೂರಲು ಜಾಗವಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಖಾಲಿ ಕ್ರೇಟುಗಳು, ಹರಿದ ಗೊಬ್ಬರದ ಚೀಲಗಳು, ಔಷಧಿ ಹೊಡೆಯುವ ಡಬ್ಬ. ತಿಥಿಗೆ ಬಂದ ನೆಂಟರು ಎದ್ದುಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಸಾಮಾನು ತಾನಾಗಿ ಬಂದು ತುಂಬಿಕೊಂಡಿತ್ತು.

ಹೆಂಡತಿ ಇದ್ದಾಗ ಹಾಗಿರಲಿಲ್ಲ. ಹೊಲದಿಂದ ಬಂದವರು, ಫ್ಯಾಕ್ಟರಿಯಿಂದ ಬಂದವರು, ಸ್ಕೂಲಿನಿಂದ ಬಂದವರು, ಯಾರೇ ಆಗಲಿ, ನೇರವಾಗಿ ಒಳಗೆ ಬರುವಂತಿರಲಿಲ್ಲ. ಜಗಲಿಯ ಮೇಲೆ ಕೂರಬೇಕು. ಅವಳು ತಂಬಿಗೆಯಲ್ಲಿ ನೀರು ತಂದುಕೊಡುತ್ತಿದ್ದಳು, ಬೇಸಿಗೆಯಾದರೆ ಮಜ್ಜಿಗೆ. ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಕಾಲು ತೊಳೆದುಕೊಂಡು ಒಳಗೆ. ‘ಬಿಸ್ಲು ಹೊತ್ಕಂಡು ಒಳೀಕೆ ಬರ್ಬ್ಯಾಡ್ರಿ, ಅಲ್ಲೇ ಇಳ್ಸಿ’ ಎನ್ನುತ್ತಿದ್ದಳು. ಹಸಿವಾದಾಗ ನನಗೆ ಅದು ಕಿರಿಕಿರಿ. ಮಗಳು ಚಿಕ್ಕವಳಿದ್ದಾಗ ಜಗಲಿ ಹತ್ತಿ ಇಳಿದು ‘ಕೂತೆ, ಕೂತೆ’ ಎಂದು ಸುಳ್ಳು ಹೇಳಿ ಓಡಿಬರುತ್ತಿದ್ದಳು. ಅದು ಮಡಿಯ ವಿಷಯವೆಂದು ನಾನು ಅಂದುಕೊಂಡಿದ್ದೆ, ಹೆಂಡತಿಯೂ ಹಾಗೇ ಅಂದುಕೊಂಡಿದ್ದಳೋ ಏನೋ. ಹೊಸಿಲು ದಾಟುವ ಮೊದಲು ಕಾಲಿಗೆ ಸ್ವಲ್ಪ ಬಿಡುವು ಸಿಗುತ್ತಿತ್ತು ಎಂಬುದು ಈಗ ಕಂಡಿತು. ಆ ಜಗಲಿಯ ಮೇಲೆ ಕ್ರೇಟು ಪೇರಿಸಿದವನು ನಾನೇ.

ಕ್ರೇಟುಗಳನ್ನು ಕೊಟ್ಟಿಗೆಯ ಹಿಂದಕ್ಕೆ ಸಾಗಿಸಿದೆ. ಔಷಧಿ ಡಬ್ಬ ಅಟ್ಟಕ್ಕೆ ಹೋಯಿತು. ಜಗಲಿಗೆ ನೀರು ಹಾಕಿ ತೊಳೆದೆ. ಕೆಂಪು ಗಾರೆ ಎಷ್ಟೋ ದಿನದ ಮೇಲೆ ಕಂಡಿತು. ಮಗಳ ಜೊತೆ ಕೂತು ಕೆಲಸ ಬೇರೆ ಬೇರೆ ಮಾಡಿಕೊಂಡೆವು. ಸಾಯಂಕಾಲದ ಒಲೆಯೂ ಡೈರಿಯೂ ನನಗೆ. ಟೊಮೊಟೊ ಆರಿಸುವ ದಿನ ಊರಿನ ಇಬ್ಬರು ಹೆಂಗಸರಿಗೆ ಕೂಲಿ ಹೇಳಿದೆ. ಹೊಸಿಲಿಗೆ ಅರಿಶಿನ ನಾನೇ ಬಳಿಯುತ್ತೇನೆ ಎಂದೆ. ಮಗಳು ಒಪ್ಪಲಿಲ್ಲ. ‘ಅದು ಮಾತ್ರ ನಂದು’ ಎಂದಳು. ಅಕ್ಕನೂ ಬಿಡಲಿಲ್ಲ. ‘ಗಂಡ್ಸು ಕೂತ್ಕಂಡು ಹೊಸ್ಲಿಗೆ ಬಳಿದ್ರೆ ಊರಾಗೆ ನಾನು ತಲೆಯೆತ್ಕಂಡು ತಿರ್ಗಾಡ್ಬೇಕೋ ಬ್ಯಾಡ್ವೋ?’

ವರ್ಷದ ಎಡೆ ಮುಗಿಯಿತು. ಹುಣಸೆಮರದ ಹತ್ತಿರ ಅಕ್ಕ ಮೊಟ್ಟೆ ಎರಡು ಇಟ್ಟಳು. ಮಗಳ ಬಣ್ಣ ಸ್ವಲ್ಪ ತಿರುಗಿದೆ. ಜಗಲಿಯ ಮೇಲೆ ಶೂ ಬಿಚ್ಚಿ, ಕಾಲು ನೀಡಿ, ತಂಬಿಗೆ ನೀರು ಕುಡಿದು, ಫೋನು ನೋಡುತ್ತಾ ಕೂತಿರುತ್ತಾಳೆ. ಅವಳು ಎದ್ದು ಒಳಗೆ ಬರುವಾಗ ನಾನು ಒಲೆಯ ಮುಂದೆ ಇರುತ್ತೇನೆ. ಸದ್ದು ಕೇಳುವುದಿಲ್ಲ. ಅರಿಶಿನ ಮಂಗಳವಾರದಿಂದ ಶುಕ್ರವಾರದವರೆಗೆ ಎರಡು ಕಡೆಯೂ ಇರುತ್ತದೆ. ಕುಂಟುತ್ತಾ ನಡೆಯುವವರನ್ನು ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಈಗಲೂ ಹೆಂಡತಿಯ ನೆನಪಾಗುತ್ತದೆ. ಅದು ಹೋಗುವುದಿಲ್ಲ, ಹೋಗಬೇಕೆಂದು ನನಗೂ ಇಲ್ಲ. ಮಗಳ ಕಾಲನ್ನು ಮಾತ್ರ ನೋಡುವುದನ್ನು ಬಿಟ್ಟಿದ್ದೇನೆ. ಮುಖ ನೋಡುತ್ತೇನೆ.

ಹೋದ ವಾರ ಕಂಪನಿಯಲ್ಲಿ ಓಟಿ ಇತ್ತು. ಬಸ್ಸು ತಡವಾಗಿ ಬಂತು, ಮೋಡ ಕಟ್ಟಿತ್ತು, ಹನಿ ಬೀಳುತ್ತಿತ್ತು. ಅವಳು ಓಡಿಬಂದವಳು ಜಗಲಿಯಲ್ಲಿ ಕೂರದೆ ಒಳಗೆ ನುಗ್ಗಿದಳು. ಮರಕ್ಕೆ ಬೆರಳು ಬಡಿಯಿತು. ಅದೇ ಸದ್ದು, ಅದೇ ‘ಸ್ಸ್.’

ನಾನು ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುತ್ತಿತ್ತು. ಸೌಟು ಕೈಯಲ್ಲೇ ಇತ್ತು.

‘ಓಟಿ ಜಾಸ್ತಿ ಆಯ್ತೇನವ್ವ?’ ಎಂದು ಕೂಗಿದೆ.

‘ಊಂ ಅಪ್ಪಾ, ಸತ್ತೋದೆ.’

‘ಕೂತ್ಕಂಡು ಬರ್ಬಾರ್ದಾ? ಹೋಗು, ಹೊರೀಕೆ ಹೋಗಿ ಕೂತ್ಕ. ನೀರು ತತ್ತೀನಿ.’

‘ಒಳೀಕೆ ಬಂದ್ಬುಟ್ಟಿದ್ದೀನಲ್ಲಪ್ಪಾ, ಮತ್ತೆ ಹೊರೀಕಾ? ಮಳೆ ಬತ್ತೈತೆ.’

‘ಬಿಸ್ಲು ಹೊತ್ಕಂಡು ಬಂದಿದ್ದೀಯ’ ಎಂದೆ.

‘ಎಲ್ಲೈತೆ ಬಿಸ್ಲು?’ ಎಂದು ನಕ್ಕಳು. ಆದರೂ ಹೋದಳು. ಹೊಸಿಲು ದಾಟಿದ ಸದ್ದು ಕೇಳಲಿಲ್ಲ. ಒಲೆ ಸಣ್ಣಗೆ ಮಾಡಿ, ತಂಬಿಗೆ ತುಂಬಿಸಿಕೊಂಡು ನಾನೂ ಹೊರಗೆ ಹೊರಟೆ. ಹೊಸಿಲಿನ ಹತ್ತಿರ ಬಂದಾಗ ಕಾಲನ್ನು ನೋಡಿಕೊಂಡು, ಸ್ವಲ್ಪ ಹೆಚ್ಚಾಗಿಯೇ ಎತ್ತಿ ದಾಟಿದೆ. ನನಗೂ ಬೆಳಗಿನಿಂದ ಕೆಲಸವಾಗಿತ್ತು.